ತಲೆಯ ಮೇಲಿನ ನೀಲಿ ಬಲೆ

ಉಪ್ಪುಂದದ ಕಡಲ ಬದಿಯಲ್ಲಿ ದೋಣಿಗೆ ಹೆಸರು ಬರೆಯಬೇಕೆಂದರೆ ಒಂದು ಕಾಲದಲ್ಲಿ ಕೊರಗಣ್ಣನೇ ಆಗಬೇಕಿತ್ತು. ಬೇರೆ ಯಾರೋ ಬರೆದರೆ ಅಕ್ಷರ ದೋಣಿಯ ಮೈಮೇಲೆ ಅಂಟಿಸಿಟ್ಟಂತೆ ಕಾಣುತ್ತಿತ್ತು. ಕೊರಗಣ್ಣ ಬರೆದರೆ ಹಲಗೆಯ ಬಾಗಿನ ಜೊತೆಗೇ ಅಕ್ಷರವೂ ಬಾಗಿ, ದೋಣಿ ಹುಟ್ಟುವಾಗಲೇ ಆ ಹೆಸರು ಹೊತ್ತು ಬಂದಂತೆ ಇರುತ್ತಿತ್ತು. ಅವನ ಒಬ್ಬಳೇ ಮಗಳು ಗಿರಿಜಾ ಏಳನೇ ವಯಸ್ಸಿಗೆ ಪೇಂಟಿನ ಡಬ್ಬಿ ಹಿಡಿದುಕೊಂಡು ಅಪ್ಪನ ಹಿಂದೆ ಹೊರಟವಳು. ಶಾಲೆಯಲ್ಲಿ 'ಶ್ರೀ' ಬರೆಯಲು ಕಲಿಸುವ ಮೊದಲೇ ಅವಳು ದೋಣಿಯ ಮೂತಿಯ ಮೇಲೆ ಅದನ್ನು ಹಳದಿ ಬಣ್ಣದಲ್ಲಿ ತುಂಬಿಸುತ್ತಿದ್ದಳು.

ಇಪ್ಪತ್ತರ ಹೊತ್ತಿಗೆ ಬೈಂದೂರಿನಿಂದ ಕುಂದಾಪುರದವರೆಗೆ ಅಂಗಡಿಗಳ ಬೋರ್ಡು ಅವಳ ಕೈಗೆ ಬಂತು. ಏಣಿ ಹತ್ತಿ ಗೋಡೆ ಬರೆಯುವ ಹೆಂಗಸು ಎಂದು ಬಸ್ಸಿನವರು ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಮದುವೆಯ ಮಾತು ಎರಡು ಸಲ ಬಂದು ಹೋಯಿತು. ಅದರ ಬಗ್ಗೆ ಅವಳು ಹೆಚ್ಚು ಹೇಳುವುದಿಲ್ಲ. ಆಮೇಲೆ ಫ್ಲೆಕ್ಸ್ ಬಂತು. ಎರಡೇ ವರ್ಷದಲ್ಲಿ ಬ್ರಷ್ಷುಗಳು ಒಣಗಿ ಕಡ್ಡಿಯಾದವು. ಅತ್ತು ಕೂರುವ ಜಾತಿಯವಳಲ್ಲ ಗಿರಿಜಾ. ಕೋಟೇಶ್ವರದಲ್ಲಿ ಜಿತೇಂದ್ರ ಎಂಬವನು ಹೊಸದಾಗಿ ತೆರೆದ ಫ್ಲೆಕ್ಸ್ ಅಂಗಡಿಗೆ ಹೋಗಿ, ಕಂಪ್ಯೂಟರ್ ಮುಂದೆ ಕೂತು ಕೆಲಸ ಕಲಿತಳು. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಕಬಡ್ಡಿ ಪಂದ್ಯಾಟ. ಹೀಗೆ ಹದಿನಾರು ವರ್ಷ ಕಳೆದು, ಈಗ ಅವಳಿಗೆ ನಲವತ್ತೈದು.

ಪ್ರತಿ ಮೇ ತಿಂಗಳಲ್ಲಿ ಊರಿನ ಪಂಚಾಯತಿಯಿಂದ ಒಂದೇ ಬಗೆಯ ಆರ್ಡರು ಬರುತ್ತಿತ್ತು. 'ಅಪಾಯ! ಮಕ್ಕಳು ನೀರಿಗಿಳಿಯದಂತೆ ಎಚ್ಚರ ವಹಿಸಿ.' ಕೆಂಪು ಅಂಚು, ಇಂಟರ್ನೆಟ್ಟಿನಿಂದ ತೆಗೆದ ಯಾವುದೋ ಊರಿನ ಅಳುವ ಮಗುವಿನ ಮುಖ, ಕೆಳಗೆ ಸಾಲಾಗಿ ಗಣ್ಯರ ಫೋಟೋ. ಗಿರಿಜಾ ಹಳೆಯ ಫೈಲು ತೆರೆದು ಇಸವಿ ಬದಲಿಸಿ ಪ್ರಿಂಟಿಗೆ ಕೊಡುತ್ತಿದ್ದಳು. ಅದರಲ್ಲಿ ಒಂದು ಬೋರ್ಡು ಅವಳ ಮನೆಯಿಂದ ಅರ್ಧ ಮೈಲಿ ದೂರದ ಹಾಡಿಯ ಮರಗಳ ನಡುವೆ, ಕೆಂಪುಕಲ್ಲು ಕಡಿದು ಬಿಟ್ಟ ಕೋರೆಯ ಬದಿಯಲ್ಲೇ ಇತ್ತು. ಹತ್ತು ವರ್ಷದ ಹಿಂದೆ ಕಲ್ಲು ಮುಗಿದ ಮೇಲೆ ಆ ಹೊಂಡಕ್ಕೆ ದಿಕ್ಕಿರಲಿಲ್ಲ. ಬೇಸಿಗೆಯಲ್ಲಿ ಅದು ಮಕ್ಕಳ ಕ್ರಿಕೆಟ್ ಮೈದಾನ, ಮಳೆಗಾಲದಲ್ಲಿ ಕೆರೆ.

ಆ ವರ್ಷದ ಜುಲೈಯ ಒಂದು ಭಾನುವಾರ, ಪಕ್ಕದ ಮನೆಯ ಒಂಬತ್ತು ವರ್ಷದ ಶ್ರಾವ್ಯ ಆ ಹೊಂಡಕ್ಕೆ ಬಿದ್ದಳು. ಚಪ್ಪಲಿ ತೇಲಿ ಹೋಯಿತೆಂದು ಒಂದು ಹೆಜ್ಜೆ ಮುಂದೆ ಇಟ್ಟಿದ್ದಳಂತೆ, ಎರಡನೇ ಹೆಜ್ಜೆಗೆ ನೆಲವೇ ಇರಲಿಲ್ಲ. ಹುಲ್ಲು ಕೊಯ್ಯುತ್ತಿದ್ದ ಸೀತಕ್ಕ ಕಿರುಚಾಟ ಕೇಳಿ ಓಡಿಬಂದು, ಹೊರೆ ಕಟ್ಟುವ ಹಗ್ಗ ಎಸೆದು ಎಳೆದುಕೊಂಡಳು. ಎರಡು ದಿನ ಆಸ್ಪತ್ರೆಯಲ್ಲಿದ್ದು ಮಗು ಮನೆಗೆ ಬಂತು.

ಗಿರಿಜಾ ನೋಡಲು ಹೋದಾಗ ಶ್ರಾವ್ಯ ಕಂಬಳಿ ಹೊದ್ದು ಗಂಜಿ ಕುಡಿಯುತ್ತಿದ್ದಳು. ಅವಳನ್ನು ಹೆತ್ತ ಅಬ್ಬಿ ಅಡುಗೆಮನೆಗೆ ಹೋದ ಮೇಲೆ ಗಿರಿಜಾ ಮೆಲ್ಲಗೆ ಕೇಳಿದಳು.

"ಅಲ್ಲಿ ಬೋರ್ಡ್ ಇತ್ತಲ್ದಾ ಮಗಾ? ನೀನ್ ಓದ್ಲಿಲ್ಯಾ?"

"ಓದಿದ್ದೆ ಗಿರಿಜತ್ತೆ. ದಿನಾ ಓದ್ತೆ."

"ಮತ್ತೆಂತಕೆ ಇಳ್ದೆ?"

ಶ್ರಾವ್ಯ ಚಮಚವನ್ನು ಬಟ್ಟಲಲ್ಲಿ ಆಡಿಸಿದಳು. "ನೀರ್ ಕಾಂಬುಕೆ ಮೊಳಕಾಲಷ್ಟೇ ಇದ್ದಾಂಗ್ ಇದ್ದಿತ್. ರಜೆಯಲ್ ನಾವ್ ಅಲ್ಲೇ ಆಡ್ತಿದ್ದಿತ್ತಲ್ದಾ? ಅದೇ ಜಾಗ ಅಂದ್ಕಂಡೆ." ಆಮೇಲೆ ತಲೆ ಎತ್ತಿ ಹೇಳಿದಳು. "ಬೋರ್ಡಲ್ಲಿ ಎಷ್ಟ್ ಆಳ ಅಂದೇಳಿ ಇರ್ಲಿಲ್ಲೆ."

ಗಿರಿಜಾ ಅವಳ ಕಂಬಳಿ ಸರಿಮಾಡಿ ಹೊರಟಳು. ಮನೆಗೆ ಬಂದು ಅಪ್ಪನ ಬಳಿ ಕೂತಳು. ಆ ಬೋರ್ಡು ತಾನೇ ಮಾಡಿದ್ದು ಎಂಬುದು ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಕಂದು ಬಣ್ಣದ ಮಳೆನೀರು ಆಳವನ್ನು ತೋರಿಸುವುದಿಲ್ಲ. ತನ್ನ ಬೋರ್ಡೂ ತೋರಿಸಿರಲಿಲ್ಲ. 'ಅಪಾಯ' ಎಂಬ ಮಾತನ್ನು ಆ ಮಗು ದಿನಾ ಓದಿ ಓದಿ, ಅದು ದಾರಿಬದಿಯ ಗಿಡದಂತೆ ಆಗಿಹೋಗಿತ್ತು.

ನೀರು ಪೂರ್ತಿ ಬತ್ತಲು ಜನವರಿ ದಾಟಬೇಕಾಯಿತು. ಒಂದು ಭಾನುವಾರ ಗಿರಿಜಾ ಉದ್ದದ ಬಿದಿರು ಹಿಡಿದು, ಹಿಂದೆ ಕಲ್ಲಿನ ಲಾರಿ ಇಳಿಯುತ್ತಿದ್ದ ಇಳಿಜಾರಿನಿಂದ ಹೊಂಡಕ್ಕೆ ಇಳಿದಳು. ತಳದಿಂದ ಅಂಚಿಗೆ ಇಪ್ಪತ್ತೆರಡು ಅಡಿ. ಕಲ್ಲು ಕಡಿದ ಗೋಡೆ ಮೆಟ್ಟಿಲಿಲ್ಲದೆ ನೆಟ್ಟಗೆ ನಿಂತಿತ್ತು. ಕೆಳಗೆ ನಿಂತು ಮೇಲೆ ನೋಡಿದಾಗ ಅವಳಿಗೆ ಕುತ್ತಿಗೆ ನೋಯಿತು. ಇಪ್ಪತ್ತೆರಡು ಅಡಿ ಎಂದು ಬರೆದರೆ ಮೂರನೇ ಕ್ಲಾಸಿನ ಮಗುವಿಗೆ ಏನು ಗೊತ್ತಾಗುತ್ತದೆ? ಮಗುವಿಗೆ ಗೊತ್ತಿರುವುದು ಜನ. ಒಬ್ಬರ ಭುಜದ ಮೇಲೆ ಒಬ್ಬರು ನಿಂತರೆ ಈ ಗೋಡೆಗೆ ಎಷ್ಟು ಜನ ಬೇಕು? ಅದೂ ಊರಿನವರೇ, ಮಕ್ಕಳು ದಿನಾ ನೋಡುವವರೇ ಆದರೆ? ಮಳೆ ಬಂದ ಹಾಗೆ ಗೋಡೆಯ ಮೇಲೆ ಬರೆದ ಅವರು ಒಬ್ಬೊಬ್ಬರೇ ಮುಳುಗುತ್ತ ಹೋಗಬೇಕು. ಆಗ ಆಳ ಎಷ್ಟು ಎಂದು ಹೊಂಡವೇ ಹೇಳುತ್ತದೆ.

ಪಂಚಾಯತಿ ಸದಸ್ಯೆ ವನಜಕ್ಕ ಕಾಗದದ ಮೇಲಿನ ಚಿತ್ರವನ್ನು ಎರಡೂ ಕಡೆ ತಿರುಗಿಸಿ ನೋಡಿದಳು.

"ಚಂದ ಇತ್ತ್ ಮರಾಯ್ತಿ. ಆದ್ರೆ ಇದ್ರಲ್ಲಿ ಫೋಟೋ ಹಾಕುದ್ ಎಲ್ಲಿ?"

"ಫೋಟೋ ಇಲ್ಲೆ ವನಜಕ್ಕ. ಬೇಕಾರೆ ನಿಮ್ಮನ್ನೇ ನಿಲ್ಸಿ ಬರೀತೆ. ಎರಡನೇಯವ್ರಾಯಿ ನಿಲ್ತ್ರಿಯಾ?"

"ನನ್ ಭುಜದ್ ಮೇಲ್ ಯಾರ್ ನಿಲ್ಲುದ್?"

"ಸೀತಕ್ಕ."

ವನಜಕ್ಕ ನಕ್ಕುಬಿಟ್ಟಳು. ಆದರೆ ಜಾಗ ಪಂಚಾಯತಿಯದ್ದಲ್ಲ, ಗೋವರ್ಧನ ಶೆಟ್ಟರದ್ದು. ಶೆಟ್ಟರಿಗೆ ಮುಂಬೈಯಲ್ಲಿ ಹೋಟೆಲು. ಬೇಸಿಗೆಗೆ ಒಮ್ಮೆ ಊರಿಗೆ ಬರುವವರು. ಏಪ್ರಿಲ್ ಕೊನೆಗೆ ಅವರು ಬಂದಾಗ ಗಿರಿಜಾ ಮನೆಗೇ ಹೋದಳು. ಶೆಟ್ಟರು ಪೂರ್ತಿ ಕೇಳಿ, ಮುಖ ಸಣ್ಣ ಮಾಡಿಕೊಂಡರು.

"ನನ್ ಜಾಗದಲ್ ಮಕ್ಳ್ ಮುಳುಗ್ತೋ ಅಂದೇಳಿ ಊರಿಗೆಲ್ಲ ಬರ್ದ್ ತೋರ್ಸುದಾ? ನಾಳೆ ಕೇಸ್ ಗೀಸ್ ಆರೆ ಯಾರ್ ಬತ್ರ್?"

ಗಿರಿಜಾ ವಾದಕ್ಕೆ ಹೋಗಲಿಲ್ಲ. "ಶೆಟ್ರೆ, ಒಂದ್ಸಲ ಬಂದ್ ಕಾಣಿ. ಕಂಡ್ ಬ್ಯಾಡ ಅಂದ್ರೆ ಬಿಡ್ವ."

ಬಂದರು. ಆರಡಿ ಎತ್ತರದ, ದನಿಯೂ ಅಷ್ಟೇ ದೊಡ್ಡದಾದ ಮನುಷ್ಯ. ಎಷ್ಟೋ ವರ್ಷದಿಂದ ಅವರು ತಮ್ಮ ಹೊಂಡವನ್ನು ಕಾರಿನ ಕಿಟಕಿಯಿಂದ ಮಾತ್ರ ನೋಡಿದ್ದರು. ಗಿರಿಜಾ ಅವರನ್ನು ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ತಲೆಯ ಸಮಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. "ಈಗ ತಿರ್ಗಿ ಮೇಲ್ ಕಾಣಿ."

ಶೆಟ್ಟರು ತಿರುಗಿ ನೋಡಿದರು. ತಮ್ಮ ತಲೆಯ ಗೆರೆ ಗೋಡೆಯ ಬುಡದಲ್ಲೇ ಉಳಿದಿತ್ತು. ಅದರ ಮೇಲೆ ಇನ್ನೂ ಹದಿನಾರು ಅಡಿ ಕೆಂಪುಕಲ್ಲು.

"ಆ ಹೆಣ್ ಬಿದ್ದದ್ ಎಲ್ಲಿ?" ಎಂದು ಕೇಳಿದರು.

ಗಿರಿಜಾ ಕೈ ತೋರಿಸಿದಳು.

"ಬರಿ. ನನ್ನನ್ನೇ ಅಡಿಗೆ ನಿಲ್ಸ್. ದೊಡ್ಡೋನ್ ನಾನೇ ಅಲ್ದಾ."

ಮೇ ತಿಂಗಳಿಡೀ ಅಂಗಡಿ ಕೆಲಸ ಮುಗಿಸಿ ಸಂಜೆ ನಾಲ್ಕರ ಬಸ್ಸು ಹಿಡಿದು ಬಂದು ಬರೆದಳು. ಕೆಂಪುಕಲ್ಲು ಬಣ್ಣವನ್ನು ಸುಮ್ಮನೆ ಕುಡಿದುಬಿಡುತ್ತದೆ. ಮೊದಲ ವಾರ ಬರೆದದ್ದು ಎರಡೇ ದಿನಕ್ಕೆ ಮಂಕಾಯಿತು. ಎಪ್ಪತ್ತೆಂಟರ ಕೊರಗಣ್ಣ ರಿಕ್ಷಾದಲ್ಲಿ ಬಂದು, ಅಂಚಿನಿಂದ ದೂರ ಕುರ್ಚಿ ಹಾಕಿಸಿಕೊಂಡು ಕೂತು ಕೂಗಿ ಹೇಳಿದ. "ಮೊದ್ಲ್ ಸಿಮೆಂಟಿನ ನೀರ್ ಎರಡ್ ಕೈ ಹೊಡಿ. ಒಣ್ಗಿದ್ ಮೇಲೆ ದೋಣಿ ಪೇಂಟ್. ಕಡಲ್ ನೀರನ್ನೇ ತಡ್ಕಂತ್, ಇದೆಂತ ಲೆಕ್ಕ!" ಹಾಗೆಯೇ ಆಯಿತು. ಬಿಳಿ ಪಂಚೆಯ ಗೋವರ್ಧನ ಶೆಟ್ಟರು ತಳದಲ್ಲಿ, ಅವರ ಭುಜದ ಮೇಲೆ ಹಸಿರು ಸೀರೆಯ ವನಜಕ್ಕ, ಅದರ ಮೇಲೆ ಹಗ್ಗ ಹಿಡಿದ ಸೀತಕ್ಕ, ಎಲ್ಲರ ಮೇಲೆ ಶಾಲೆಯ ಯೂನಿಫಾರ್ಮಿನಲ್ಲಿ ಶ್ರಾವ್ಯ. ಊರಿನವರು ಬಂದು ನೋಡಿ, "ಶೆಟ್ರ್ ಹೊಟ್ಟೆ ಸ್ವಲ್ಪ ಕಮ್ಮಿ ಮಾಡಿದ್ದೆ ನೀನ್" ಎಂದು ಅವಳನ್ನು ಕೀಟಲೆ ಮಾಡಿದರು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಮುಂದಿನ ಭಾನುವಾರ ಕೊಡೆ ಹಿಡಿದು ತನ್ನ ಚಿತ್ರ ನೋಡಲು ಹೊರಟ ಗಿರಿಜಾ ಹಾಡಿಯ ತಿರುವಿನಲ್ಲಿ ಕಲ್ಲಾಗಿ ನಿಂತಳು. ಆರು ಮಕ್ಕಳು ಹೊಂಡದ ಅಂಚಿನಲ್ಲಿ, ಒದ್ದೆ ಮಣ್ಣಿನ ಮೇಲೆ ಮೊಣಕಾಲೂರಿ, ಬಗ್ಗಿ ಬಗ್ಗಿ ಕೆಳಗೆ ನೋಡುತ್ತಿದ್ದರು.

"ಶೆಟ್ರ್ ಸೊಂಟ ಹೋಯ್ತ್!" ಎಂದು ಒಬ್ಬ ಕೂಗಿದ. ಉಳಿದವರು ಇನ್ನೂ ಬಗ್ಗಿದರು.

ಕೂಗಿದರೆ ಬೆಚ್ಚಿ ಜಾರುತ್ತಾರೆಂದು ಅವಳು ಕೂಗಲಿಲ್ಲ. ಮೆಲ್ಲಗೆ ಹತ್ತಿರ ಹೋಗಿ, "ಹ್ವಾಯ್, ಇಲ್ಲ್ ಬನ್ನಿ ಮಕ್ಳೆ, ಚಾಕ್ಲೇಟ್ ಇತ್ತ್" ಎಂದು ಸುಳ್ಳು ಹೇಳಿ ಒಬ್ಬೊಬ್ಬರನ್ನೇ ಹಿಂದಕ್ಕೆ ಕರೆದಳು. ಆಮೇಲೆ ಮರಕ್ಕೆ ಒರಗಿ ಕೂತುಬಿಟ್ಟಳು. ಮಕ್ಕಳನ್ನು ದೂರ ಇಡಲು ಬರೆದ ಚಿತ್ರವೇ ಮಕ್ಕಳನ್ನು ಅಂಚಿಗೆ ಎಳೆದು ತಂದಿತ್ತು.

ವಿಷಯ ತಿಳಿದ ಸೀತಕ್ಕ ಅಂದು ಮಧ್ಯಾಹ್ನವೇ ತನ್ನ ಸ್ವಸಹಾಯ ಸಂಘದ ಹೆಂಗಸರನ್ನು ಕರೆದುಕೊಂಡು ಬಂದು, ಬಿದಿರು ನೆಟ್ಟು, ಮುಳ್ಳು ಕಡಿದು ಹಾಕಿ, ಸುತ್ತ ಬೇಲಿ ಕಟ್ಟಿಸಿದಳು. ಗಿರಿಜಾ ಮಾತ್ರ ಮನೆಗೆ ಹೋಗಿ ಊಟ ಬಿಟ್ಟು ಕೂತಳು.

"ಎಲ್ಲ ಅಳಿಸ್ತೆ ಅಪ್ಪಯ್ಯ. ನಂಗೆ ಈ ಕೆಲ್ಸ ಆಪುದಲ್ಲ."

ಕೊರಗಣ್ಣ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಕೈ ನಿಲ್ಲಿಸಿದ. "ದೋಣಿಗ್ ಹೆಸ್ರ್ ಬರಿಯುದ್ ಯಾರಿಗ್ ಓದುಕೆ?"

"ಎಲ್ಲರಿಗೂ."

"ಅಲ್ಲ. ಕಡಲಲ್ಲಿ ದೂರ ಇಪ್ಪ ಇನ್ನೊಂದ್ ದೋಣಿಯವ್ರಿಗೆ. ದಡದಲ್ ನಿಂತ್ ಓದುವಾಂಗ್ ಬರ್ದ್ರೆ ಅವ್ರಿಗ್ ಕಾಣ್ತಿಲ್ಲೆ. ನೀನ್ ಬರ್ದದ್ ಸಮಾ ಇತ್ತ್ ಮಗಾ, ಜಾಗ ತಪ್ಪಿತ್. ಮಕ್ಳ್ ಎಲ್ಲಿರ್ತೋ ಅಲ್ಲಿಗ್ ತಕಂಡ್ ಹೋಗ್."

ಮಕ್ಕಳು ಎಲ್ಲಿರುತ್ತಾರೆ? ಶಾಲೆಯಲ್ಲಿ. ಶಾಲೆಯ ಅಂಗಳಕ್ಕೆ ತಾಗಿಕೊಂಡೇ ಪಂಚಾಯತಿಯ ಕುಡಿಯುವ ನೀರಿನ ಟ್ಯಾಂಕು ಇತ್ತು. ನಾಲ್ಕು ಎತ್ತರದ ಕಂಬಗಳ ಮೇಲೆ ಕೂತ, ನಲವತ್ತು ಅಡಿ ಎತ್ತರದ ಟ್ಯಾಂಕು. ಮಕ್ಕಳು ಅದರ ಅಡಿಯಲ್ಲೇ ಬುತ್ತಿ ಉಣ್ಣುವುದು, ಕುಂಟೆಬಿಲ್ಲೆ ಆಡುವುದು. ಮರುದಿನ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಆ ಟ್ಯಾಂಕು ಕಂಡಿತು. ಅವಳು ಕೋಟೇಶ್ವರಕ್ಕೆ ಹೋಗದೆ ಮುಂದಿನ ಸ್ಟಾಪಿನಲ್ಲೇ ಇಳಿದು, ಜಿತೇಂದ್ರನಿಗೆ ಫೋನು ಮಾಡಿ ರಜೆ ಹೇಳಿದಳು.

ಊರಿಗೆ ನೀರು ಬಿಡುವ ಪಂಚಾಯತಿ ನೌಕರ ಉಲ್ಲಾಸ್ ಟ್ಯಾಂಕಿನ ಬಳಿಯೇ ಸಿಕ್ಕಿದ. ಅವನಿಗೆ ವಿಷಯ ತಿಳಿಸುವುದು ಕಷ್ಟವಾಗಲಿಲ್ಲ. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಗಿರಿಜಾ ರಸ್ತೆ ಕಡೆಯ ಕಂಬದ ಮೇಲೆ ಅದೇ ನಾಲ್ವರನ್ನು ಅದೇ ಅಳತೆಯಲ್ಲಿ ಬರೆದಳು. ಆಮೇಲೆ ಕಡಲ ಬದಿಯಿಂದ ಮೀನು ಹಿಡಿಯುವ ಒಂದು ಹಳೆಯ ನೀಲಿ ಬಲೆ ತಂದಳು. ನಾಲ್ಕು ಕಂಬಕ್ಕೂ ರಾಟೆ ಕಟ್ಟಿ, ಬಲೆಯನ್ನು ನಾಲ್ಕು ಮೂಲೆಗೆ ಬಿಗಿದು, ಚಾವಣಿಯಂತೆ ಅಡ್ಡಕ್ಕೆ ಹರಡಿದರು. ಹಗ್ಗ ಎಳೆದರೆ ಬಲೆ ಮೇಲೆ ಏರಬೇಕು, ಬಿಟ್ಟರೆ ಇಳಿಯಬೇಕು. ಉಲ್ಲಾಸ್ ದಿನಾ ಬೆಳಿಗ್ಗೆ ವಾಲ್ವ್ ತಿರುಗಿಸಲು ಹಾಡಿಯ ದಾರಿಯಲ್ಲೇ ಹೋಗುವವನು. ಬೇಲಿಯ ಹೊರಗೆ, ಎತ್ತರದ ಕಡೆಯಿಂದ ಹೊಂಡದ ಗೋಡೆ ನೋಡಿ ನೀರು ಎಲ್ಲಿಗೆ ಬಂತೆಂದು ತಿಳಿದುಕೊಂಡು ಬರುತ್ತಿದ್ದ. ಬಂದವನು ಬಲೆಯನ್ನು ಅಷ್ಟೇ ಎತ್ತರಕ್ಕೆ ಎಳೆದು ಕಟ್ಟುತ್ತಿದ್ದ. ಹೊಂಡದ ನೀರು ಎಲ್ಲಿದೆಯೋ, ಟ್ಯಾಂಕಿನ ಅಡಿಯ ನೀಲಿ ಬಲೆಯೂ ಅಲ್ಲೇ.

ಮೊದಲ ದಿನ ಗಿರಿಜಾ ಶಾಲೆಯ ಜಗಲಿಯ ಕಂಬದ ಹಿಂದೆ ನಿಂತು ನೋಡಿದಳು. ಅಕ್ಷರ ಒಂದೂ ಬರೆದಿರಲಿಲ್ಲ, ಮಕ್ಕಳಿಗೆ ಏನೂ ಹೇಳಿರಲಿಲ್ಲ. ಬುತ್ತಿ ಹಿಡಿದು ಬಂದ ಮಕ್ಕಳು ಯಾವಾಗಿನಂತೆ ಟ್ಯಾಂಕಿನ ಅಡಿಗೆ ಹೋದರು. ಬಲೆ ಹನ್ನೊಂದು ಅಡಿ ಮೇಲಿತ್ತು. ಕಂಬದ ಮೇಲೆ ಶೆಟ್ಟರೂ ವನಜಕ್ಕನೂ ಪೂರ್ತಿ ಅದರ ಕೆಳಗೆ, ಸೀತಕ್ಕನ ಕಾಲು ಕೂಡ ಒಳಗೆ. ಒಂದು ಹುಡುಗಿ ಅನ್ನದ ತುತ್ತು ಬಾಯಿಗಿಡುವ ಮೊದಲು ತಲೆ ಎತ್ತಿದಳು.

"ಇದೆಂತ ಬಲೆ?"

"ಹೊಂಡದ್ ನೀರ್ ಇಷ್ಟ್ ಇತ್ತಂಬ್ರ್. ಉಲ್ಲಾಸಣ್ಣ ಹೇಳ್ರ್" ಎಂದಳು ಶ್ರಾವ್ಯ.

ಹುಡುಗಿ ಮತ್ತೆ ಮೇಲೆ ನೋಡಿದಳು. ಕೈ ಎತ್ತಿದಳು, ಸಿಗಲಿಲ್ಲ. ಹಾರಿದಳು, ಸಿಗಲಿಲ್ಲ. ಏಳನೇ ಕ್ಲಾಸಿನ ಉದ್ದದ ಹುಡುಗನೊಬ್ಬ ಓಡಿಬಂದು ಹಾರಿದ, ಅವನಿಗೂ ಸಿಗಲಿಲ್ಲ. ಆಗ ಆ ಹುಡುಗಿ ತುಂಬ ಮೆಲ್ಲಗೆ ಹೇಳಿದಳು.

"ಹಾಂಗಾರೆ ನಾವ್ ಈಗ ನೀರಡಿಗ್ ಇದ್ದಿತ್ತ್."

ಎಲ್ಲರೂ ತಲೆ ಎತ್ತಿ ಬಲೆಯನ್ನೇ ನೋಡುತ್ತಿದ್ದರು. ಅದರ ಕಣ್ಣುಗಳಿಂದ ಬಿದ್ದ ಬೆಳಕು ಅವರ ಮುಖದ ಮೇಲೆ ಅಲುಗಾಡುತ್ತಿತ್ತು. ಶ್ರಾವ್ಯಳಿಗೆ ಹೆದರಿಕೆ ಆಯಿತೇನೋ ಎಂದು ಗಿರಿಜಾ ಒಂದು ಹೆಜ್ಜೆ ಮುಂದೆ ಬಂದಳು. ಆದರೆ ಶ್ರಾವ್ಯ ಉಳಿದವರಿಗೆ ವಿವರಿಸುವುದರಲ್ಲಿ ಮುಳುಗಿದ್ದಳು. ಎಲ್ಲಿ ಕಾಲಿಟ್ಟೆ, ಎರಡನೇ ಹೆಜ್ಜೆಗೆ ಏನಾಯಿತು, ಸೀತಕ್ಕನ ಹಗ್ಗ ಹೇಗೆ ಬಂತು ಎಂದು. ಗಿರಿಜಾಳಿಗೆ ಅಂದು ಹೇಳಿದ್ದು ಬಿಟ್ಟರೆ, ಒಂದು ವರ್ಷದಿಂದ ಅವಳು ಆ ಮಾತು ಆಡಿದ್ದು ಯಾರೂ ಕೇಳಿರಲಿಲ್ಲ. ಅಬ್ಬಿಯ ಬಳಿ ಕೂಡ ಹೇಳದ್ದನ್ನು ಅವಳು ಟ್ಯಾಂಕಿನ ಅಡಿಯಲ್ಲಿ ನಿಂತು ಪಟಪಟ ಹೇಳಿಬಿಟ್ಟಳು.

ಅಂದಿನಿಂದ ಅದು ಊರಿನ ಮಾತಾಯಿತು. ಬಸ್ಸಿನಲ್ಲಿ ಹೆಂಗಸರು, "ವನಜಕ್ಕ ಮುಳ್ಗಿ ಮೂರ್ ದಿನ ಆಯ್ತಲೆ, ಸೀತಕ್ಕ ಎಲ್ಲಿಗ್ ಬಂತ್?" ಎಂದು ಕಿಟಕಿಯಿಂದ ಟ್ಯಾಂಕು ನೋಡುತ್ತ ಕೇಳುತ್ತಿದ್ದರು. ವನಜಕ್ಕ ಸಭೆಗೆ ಬಂದರೆ, "ಮುಳುಗ್ದೋರ್ ಬಂದ್ರ್" ಎಂದು ನಗು. ನಗುತ್ತಲೇ ಜನ ತಮ್ಮ ಹಿತ್ತಲಿನ ಬಾವಿಗೆ ಕಟ್ಟೆ ಇದೆಯೇ, ಮದಗದ ಬದಿಗೆ ಹಗ್ಗ ಕಟ್ಟಬಹುದೇ ಎಂದು ಮಾತಾಡತೊಡಗಿದರು. ಯಾರೋ ಫೋಟೋ ತೆಗೆದು ಮುಂಬೈಗೆ ಕಳಿಸಿದರು. ಶೆಟ್ಟರ ಫೋನು ಬಂತು.

"ಗಿರಿಜಾ, ನಾನ್ ಮುಳ್ಗಿ ಹೋದ್ನಾ?"

"ಹೌದ್ ಶೆಟ್ರೆ. ಎಲ್ಲರಿಗಿಂತ ಮೊದ್ಲ್ ನೀವೇ."

ಆ ಕಡೆಯಿಂದ ದೊಡ್ಡ ನಗು. ಆಮೇಲೆ ನಗು ನಿಂತು ದನಿ ಇಳಿಯಿತು. "ಮನೆಯಲ್ ಮೊಮ್ಮಗಳ್ ಫೋಟೋ ಕಂಡ್ ಕೇಳ್ತ್, ಅಜ್ಜ ನಿಮ್ಗ್ ಈಜುಕ್ ಬತ್ತಿಲ್ಯಾ ಅಂದೇಳಿ. ಎಂತ ಹೇಳುದ್ ನಾನ್? ಮುಳ್ಳಿನ್ ಬೇಲಿ ಎಷ್ಟ್ ದಿನ ಬತ್ತ್? ನಾನೇ ಬತ್ತೆ."

ಗಣಪತಿ ಹಬ್ಬಕ್ಕೆ ಬಂದವರು ಒಂದು ವಾರ ನಿಂತು, ಹೊಂಡದ ಸುತ್ತ ಕಬ್ಬಿಣದ ಕಂಬ ನೆಡಿಸಿ ಬಲವಾದ ಜಾಲರಿ ಬೇಲಿ ಹಾಕಿಸಿದರು. ಒಂದೇ ಗೇಟು, ಅದರ ಬೀಗದ ಕೈ ಸೀತಕ್ಕನ ಸೊಂಟದಲ್ಲಿ. ಪಕ್ಕದ ಜಾಗದ ಎರಡು ಕೋರೆಗಳ ಯಜಮಾನರ ಬಳಿಗೂ ಶೆಟ್ಟರೇ ಹೋಗಿ ಮಾತಾಡಿದರು. ಒಬ್ಬರು ಒಪ್ಪಿದರು, ಇನ್ನೊಬ್ಬರು ನೋಡುವ ಎಂದರು. ನೋಡುವ ಎಂದವರ ಬಾಗಿಲಿಗೆ ವನಜಕ್ಕ ಇನ್ನೂ ಹೋಗುತ್ತಲೇ ಇದ್ದಾಳೆ.

ಬಲೆ ಕಟ್ಟಿದ ಮೇಲೆ ಆ ಮಳೆಗಾಲದಲ್ಲಿ ಕೋರೆಯ ಕಡೆಗೆ ಒಂದು ಮಗುವೂ ಹೋಗಲಿಲ್ಲ. ಮುಂದೆಂದೂ ಹೋಗುವುದಿಲ್ಲ ಎಂದು ಗಿರಿಜಾ ಹೇಳುವುದಿಲ್ಲ. ಅದಕ್ಕೇ ಎರಡನೇ ವರ್ಷ ಅವಳು ಆ ನಾಲ್ವರನ್ನು ಅಳಿಸಿ, ಹೊಸ ನಾಲ್ವರನ್ನು ಬರೆದಳು. ಯಾರನ್ನು ಬರೆಯಬೇಕೆಂದು ಮಕ್ಕಳೇ ಕೈ ಎತ್ತಿ ಆರಿಸಿದರು. ನೋಡಿ ನೋಡಿ ರೂಢಿಯಾದದ್ದು ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಅವಳು ತನ್ನ ಕೆಂಪು ಅಂಚಿನ ಬೋರ್ಡಿನಿಂದಲೇ ಕಲಿತಿದ್ದಳು.

ಈ ಸುದ್ದಿ ಕೇಳಿ ಬ್ರಹ್ಮಾವರದಿಂದ ಶ್ರೀಲತಾ ಎಂಬ ಕಾಲೇಜು ಉಪನ್ಯಾಸಕಿ ಬಂದರು. ಜಾಹೀರಾತಿನ ಪಾಠ ಮಾಡುವವರು. ಬಲೆಯ ಅಡಿಯಲ್ಲಿ ನಿಂತು ಮೇಲೆ ನೋಡಿ, "ಇದಕ್ಕೆ ಆಂಬಿಯಂಟ್ ಜಾಹೀರಾತು ಅಂತ ಹೇಳ್ತೇವೆ. ಜನ ಇರೋ ಜಾಗವನ್ನೇ ಜಾಹೀರಾತು ಮಾಡೋದು. ನೀವು ಎಲ್ಲಿ ಕಲಿತದ್ದು?" ಎಂದು ಕೇಳಿದರು.

"ಮೊದ್ಲ್ ತಪ್ಪ್ ಮಾಡಿ ಕಲ್ತದ್ದ್ ಮೇಡಂ" ಎಂದಳು ಗಿರಿಜಾ.

ಶ್ರೀಲತಾರ ಊರಿನ ತೊಂದರೆ ಬೇರೆ. ಅಲ್ಲಿ ಕೋರೆ ಇಲ್ಲ, ಹೆದ್ದಾರಿ ಇದೆ. ಶಾಲೆ ಒಂದು ಬದಿ, ಮನೆಗಳು ಇನ್ನೊಂದು ಬದಿ. 'ನಿಧಾನವಾಗಿ ಚಲಿಸಿ' ಎಂಬ ಬೋರ್ಡು ಮೂರು ಕಡೆ ಇದೆ. ಯಾವ ಗಾಡಿಯೂ ನಿಧಾನವಾಗುವುದಿಲ್ಲ. ಗಿರಿಜಾ ಮುಂದಿನ ಶನಿವಾರ ಅಲ್ಲಿಗೆ ಹೋದಳು. ಶ್ರೀಲತಾರ ವಿದ್ಯಾರ್ಥಿಗಳು ಪುಸ್ತಕ ಪೆನ್ನು ಹಿಡಿದು, ಅವಳು ಏನು ಬರೆಯುತ್ತಾಳೆ ಎಂದು ಕಾಯುತ್ತಿದ್ದರು. ಅವಳು ಏನೂ ಬರೆಯಲಿಲ್ಲ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಕರೆದು, "ನೀನ್ ದಿನಾ ನಿಲ್ಲು ಜಾಗ ತೋರ್ಸ್ ಕಾಂಬ" ಎಂದಳು. ಹುಡುಗಿ ರಸ್ತೆ ಬದಿಯ ಒಂದು ಕಲ್ಲಿನ ಬಳಿ ನಿಂತು ತೋರಿಸಿದಳು. ಗಿರಿಜಾ ಸೆರಗು ಸಿಕ್ಕಿಸಿ ಅಲ್ಲೇ ಮಣ್ಣಿನ ಮೇಲೆ ಕೂತಳು, ಕಣ್ಣು ಹುಡುಗಿಯ ಕಣ್ಣಿನ ಸಮಕ್ಕೆ ಬರುವ ಹಾಗೆ. ನಿಂತಾಗ ಅರ್ಧ ಮೈಲಿ ದೂರದವರೆಗೆ ಕಾಣುತ್ತಿದ್ದ ರಸ್ತೆ ಈಗ ಕಾಣಲೇ ಇಲ್ಲ. ಎದುರಿಗೆ ಎದೆಯೆತ್ತರದ ಹುಲ್ಲು, ಅದರಾಚೆ ನಿಲ್ಲಿಸಿದ ಲಾರಿಯ ಚಕ್ರ, ಅಷ್ಟೇ. ಅತ್ತಲಿಂದ ಬರುವ ಗಾಡಿಯವರಿಗೂ ಈ ಹುಡುಗಿ ಕಾಣಲಾರಳು.

"ಮೇಡಂ, ನೀವೂ ಕೂಕಂಡ್ ಕಾಣಿ" ಎಂದಳು.

ಶ್ರೀಲತಾ ಒಂದು ಕ್ಷಣ ತಮ್ಮ ಇಸ್ತ್ರಿ ಸೀರೆ ನೋಡಿಕೊಂಡು, ನಂತರ ಕೂತರು. ವಿದ್ಯಾರ್ಥಿಗಳೂ ಒಬ್ಬೊಬ್ಬರಾಗಿ ಕೂತರು. ಗಿರಿಜಾ ಎದ್ದು ಮಣ್ಣು ಕೊಡವಿಕೊಂಡು, ಮೊದಲು ಹುಲ್ಲು ಕೊಯ್ಯಲು ಕತ್ತಿ ಯಾರ ಮನೆಯಲ್ಲಿ ಸಿಗುತ್ತದೆ ಎಂದು ಹುಡುಗಿಯನ್ನು ಕೇಳಿದಳು.